ಡಾಸನ್ ಅವರ ಗಿಫರ್ಡ್ ಉಪನ್ಯಾಸಗಳಿಗೆ ಎರಡು ಪ್ರಕಟಣಾ ವರ್ಷಗಳು ಏಕೆ?

ಇಂಗ್ಲಿಷ್ ಇತಿಹಾಸಕಾರ ಕ್ರಿಸ್ಟೋಫರ್ ಡಾಸನ್ ಅವರು ಕ್ಯಾಥೊಲಿಕರಾಗುವುದಕ್ಕೆ ಮುಂಚಿನ ಮತ್ತು ನಂತರದ ಕೃತಿಗಳನ್ನು ಪ್ರಬಂಧವೊಂದರಲ್ಲಿ ಹೋಲಿಸಬೇಕೆಂದಿರುವುದಾಗಿ ತಿಳಿಸಿ, ಅವರ ಗಿಫರ್ಡ್ ಉಪನ್ಯಾಸಗಳ (ಸ್ಕಾಟ್ಲೆಂಡಿನ ವಿಶ್ವವಿದ್ಯಾಲಯಗಳಲ್ಲಿ ಧರ್ಮದ ಕುರಿತು ನಡೆಯುವ ಉಪನ್ಯಾಸ ಮಾಲೆ) ಪ್ರಕಟಣಾ ವರ್ಷದ ಬಗ್ಗೆ ಕೇಳಿದ್ದೀರಿ. ಆ ಉಪನ್ಯಾಸಗಳಿಗೆ ಒಂದು ಕಡೆ 1948, ಇನ್ನೊಂದು ಕಡೆ 1950 ಎಂದು ನಿಮಗೆ ಕಂಡಿರುವುದಕ್ಕೆ ಬಹುಶಃ ಕಾರಣ, ಅವು ಬೇರೆ ಬೇರೆ ಪುಸ್ತಕಗಳಾಗಿರುವುದು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ 1947ರಲ್ಲಿ ನೀಡಿದ ಮೊದಲ ಸರಣಿ ‘ರಿಲಿಜನ್ ಅಂಡ್ ಕಲ್ಚರ್’ ಆಗಿ 1948ರಲ್ಲಿಯೂ, 1948–49ರ ಎರಡನೆಯ ಸರಣಿ ‘ರಿಲಿಜನ್ ಅಂಡ್ ದಿ ರೈಸ್ ಆಫ್ ವೆಸ್ಟರ್ನ್ ಕಲ್ಚರ್’ ಆಗಿ 1950ರಲ್ಲಿಯೂ ಹೊರಬಂದವು.

ಮೊದಲು ನಿಮ್ಮ ಪ್ರತಿಯ ಪೂರ್ಣ ಶೀರ್ಷಿಕೆಯನ್ನು ನೋಡಿ. ಮಠಗಳು, ಮಧ್ಯಯುಗದ ನಗರ, ವಿಶ್ವವಿದ್ಯಾಲಯ ಇವುಗಳ ಅಧ್ಯಾಯಗಳಿದ್ದರೆ ಅದು ಎರಡನೆಯದು. ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಇನ್ನೂ ಈಚಿನ ವರ್ಷವಿದ್ದರೆ ಅದು ಮರುಮುದ್ರಣದ್ದಾಗಿರಬಹುದು. ಪ್ರಬಂಧದಲ್ಲಿ ಮೊದಲ ಮುದ್ರಣದ ವರ್ಷವನ್ನೂ ಕೊಡಿ.

ಮತಾಂತರಕ್ಕೆ ಮುಂಚಿನ ಮತ್ತು ನಂತರದ ಕೃತಿಗಳನ್ನು ಹೋಲಿಸುವ ನಿಮ್ಮ ಯೋಜನೆಯನ್ನು ಮಾತ್ರ ಕೈಬಿಡುವುದು ಒಳ್ಳೆಯದು. 1889ರಲ್ಲಿ ಜನಿಸಿ ಆಂಗ್ಲಿಕನ್ ಮನೆತನದಲ್ಲಿ ಬೆಳೆದ ಡಾಸನ್ ಕ್ಯಾಥೊಲಿಕ್ ಸಭೆಯನ್ನು ಸೇರಿದ್ದು 1914ರಲ್ಲಿ. ಅವರ ಮೊದಲ ಪುಸ್ತಕ ‘ದಿ ಏಜ್ ಆಫ್ ದಿ ಗಾಡ್ಸ್’ ಬಂದದ್ದು 1928ರಲ್ಲಿ; ಅಂದರೆ ಹೋಲಿಸಲು ಮತಾಂತರಕ್ಕೆ ಮುಂಚಿನ ಪುಸ್ತಕವೇ ಇಲ್ಲ. ಅದೂ ಇತಿಹಾಸಪೂರ್ವ ಯುರೋಪ್ ಮತ್ತು ಪ್ರಾಚೀನ ಪೂರ್ವದೇಶಗಳ ಕುರಿತದ್ದೇ ಹೊರತು ಸಭೆಯ ಚರಿತ್ರೆಯಲ್ಲ. ಆ ಹೋಲಿಕೆಯ ಬದಲು, ಪ್ರಗತಿಯೆಂಬ ಕಲ್ಪನೆಯನ್ನು ವಿಮರ್ಶಿಸುವ 1929ರ ‘ಪ್ರೋಗ್ರೆಸ್ ಅಂಡ್ ರಿಲಿಜನ್’ ಅನ್ನು ಓದಿ, ಸಂಸ್ಕೃತಿಗೆ ಧರ್ಮವೇ ಮೂಲಶಕ್ತಿ ಎಂಬ ಅಲ್ಲಿನ ವಾದ 1950ರ ಪುಸ್ತಕದಲ್ಲಿ ಹೇಗೆ ಬೆಳೆದಿದೆ ಎಂದು ಗುರುತಿಸಿಕೊಳ್ಳಿ.