ಹಳೇ ಜಿಪ್ಸಿ ಕೊಳ್ಳುವ ಮುಂಚೆ ಏನೇನು ನೋಡಬೇಕು?

2004ರ ಮಾರುತಿ ಜಿಪ್ಸಿ ಕಿಂಗ್ ಜೀಪು, 68 ಸಾವಿರ ಕಿಲೋಮೀಟರ್ ಮಾತ್ರ ಓಡಿದೆ, ಎಂಜಿನ್ ಸೂಪರ್, ತೋಟದ ಓಡಾಟಕ್ಕೆ ತಗೊಳ್ಳಬಹುದಾ, ಇಲ್ಲ ಹಳೇ ಮಹೀಂದ್ರ ಥಾರ್ ನೋಡಲಾ ಎಂದು ಕೇಳಿದ್ದೀರಿ. ನನಗೂ ಬ್ರೋಕರ್ ಇದೇ ಎರಡು ಮಾತು ಹೇಳಿದ್ದ. ಕಿಲೋಮೀಟರ್ ಕಡಿಮೆ, ಎಂಜಿನ್ ಸೂಪರ್. ಎಂಜಿನ್ ನಿಜವಾಗಿಯೂ ಸೂಪರ್ ಆಗಿತ್ತು. ನಾನು ಕೆಟ್ಟಿದ್ದೇ ಅದರಿಂದ.

ನಮ್ಮದು ಮೂಡಿಗೆರೆ ಕಡೆ ಸಣ್ಣ ಕಾಫಿ ತೋಟ. ಮಳೆ ಹಿಡಿದರೆ ಮನೆಯಿಂದ ಡಾಂಬರ್ ರಸ್ತೆ ಮುಟ್ಟೋಕೆ ಫೋರ್ ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಶಕ್ತಿ ಹೋಗುವ ಗಾಡಿ) ಬೇಕೇ ಬೇಕು. ಉಡುಪಿ ಹತ್ತಿರ ಒಂದು ಮದುವೆಗೆ ಹೋಗಿದ್ದೆವು. ಅಲ್ಲೇ ಪಕ್ಕದಲ್ಲಿ 2003ರ ಜಿಪ್ಸಿ ಇದೆ ಎಂದು ಗೊತ್ತಿತ್ತು. ಊಟ ಮುಗಿಸಿ ಹಾಗೇ ನೋಡಿಕೊಂಡು ಹೋಗೋಣ ಎಂದು ನಾನು, ನಮ್ಮೂರ ಮೆಕ್ಯಾನಿಕ್ ಇಬ್ಬರೂ ಹೋದೆವು. ಅವನು ಬಾನೆಟ್ ಎತ್ತಿ ಸ್ಟಾರ್ಟ್ ಮಾಡಿಸಿದ. ಆಯಿಲ್ ಮುಚ್ಚಳ ತೆಗೆದು ಹೊಗೆ ಬರುತ್ತಾ ನೋಡಿದ. ರೇಸ್ ಮಾಡಿ ಕಿವಿಗೊಟ್ಟು ಕೇಳಿದ. "ಎಂಜಿನ್ ಮುಟ್ಟೋ ಹಂಗೇ ಇಲ್ಲ ಅಣ್ಣ" ಎಂದ. ಅಷ್ಟಕ್ಕೇ ನನ್ನ ಮನಸ್ಸು ಅಡ್ವಾನ್ಸ್ ಕೊಟ್ಟಾಗಿತ್ತು.

ಗಾಡಿಯ ಅಡಿಯನ್ನೂ ನೋಡಿದೆ. ನೋಡಲಿಲ್ಲ ಎಂದಲ್ಲ. ಆದರೆ ಮದುವೆಗೆ ಹೋದವನು, ಬಿಳಿ ಪಂಚೆ ಉಟ್ಟಿದ್ದೆ. ಬಗ್ಗಿ ನೋಡಿದೆ, ಮಲಗಿ ನೋಡಲಿಲ್ಲ. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ.

ಬಗ್ಗಿ ನೋಡಿದರೆ ಚಾಸಿಯ, ಅಂದರೆ ಇಡೀ ಗಾಡಿ ಕೂತಿರುವ ಅಡಿಯ ಉಕ್ಕಿನ ಚೌಕಟ್ಟಿನ, ಹೊರಮೈ ಮಾತ್ರ ಕಾಣುತ್ತದೆ. ಒಳಮೈ ಕಾಣುವುದಿಲ್ಲ. ಹಿಂದಿನ ಹೌಸಿಂಗ್ (ಎರಡು ಹಿಂಚಕ್ರಗಳ ನಡುವಿನ ಆಕ್ಸಲ್ ಕೊಳವೆ) ಮೇಲೆ ಚಾಸಿ ಕಮಾನಿನಂತೆ ಎದ್ದು ಹೋಗುತ್ತದಲ್ಲ, ಆ ಜಾಗದ ಮೇಲ್ಭಾಗವೂ ಕಾಣುವುದಿಲ್ಲ. ಸ್ಪ್ರಿಂಗ್ ಪ್ಲೇಟಿನ ತುದಿಯನ್ನು ಚಾಸಿಗೆ ಜೋಡಿಸುವ ಅಲ್ಲಾಡುವ ಕೊಂಡಿ, ಅಂದರೆ ಶ್ಯಾಕಲ್, ಕೂರುವ ಬ್ರಾಕೆಟ್ ಟಯರ್ ಮರೆಯಲ್ಲಿರುತ್ತದೆ. ಜಿಪ್ಸಿಗೆ ನಾಲ್ಕೂ ಕಡೆ ಪ್ಲೇಟೇ. ಗಾಡಿಯ ಭಾರ, ಲೋಡಿನ ಭಾರ, ಗುಂಡಿಯ ಏಟು ಎಲ್ಲವೂ ಬಂದು ಬೀಳುವುದು ಈ ಬ್ರಾಕೆಟ್‌ಗಳ ಮೇಲೆ. ಚಾಸಿ ಒಳಗೆ ಟೊಳ್ಳಾದ ಪೆಟ್ಟಿಗೆ. ಅದರ ತೂತುಗಳಿಂದ ಕೆಸರು ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಅಲ್ಲೇ ಕೂತು ತೇವ ಹಿಡಿದುಕೊಂಡು ಒಳಗಿನಿಂದ ತುಕ್ಕು ತಿನ್ನುತ್ತಾ ಬರುತ್ತದೆ. ಕರಾವಳಿಯ ಉಪ್ಪುಗಾಳಿ ಸೇರಿದರೆ ಕೇಳೋದೇ ಬೇಡ. ಹೊರಗಿನ ತಗಡು ಕೊನೆಯಲ್ಲಿ ತೂತಾಗುತ್ತದೆ. ಅಲ್ಲಿಯವರೆಗೆ ಮೇಲಿಂದ ಎಲ್ಲ ಚೆನ್ನಾಗಿಯೇ ಇರುತ್ತದೆ.

ನಾನು ಕಂಡಿದ್ದು ಕಪ್ಪು. ಮಿರಮಿರ ಹೊಳೆಯುವ ಹೊಸ ಕಪ್ಪು ಪೇಂಟ್. ಚಾಸಿಗೆ ಕಪ್ಪು, ನಟ್ಟಿಗೆ ಕಪ್ಪು, ರಬ್ಬರ್ ಬುಶ್ಶಿಗೆ ಕಪ್ಪು, ಬ್ರೇಕ್ ಪೈಪಿಗೆ ಕಪ್ಪು. ಸೈಲೆನ್ಸರ್ ಮೇಲೂ ಒಂದಿಷ್ಟು ಹಾರಿತ್ತು. "ಎಷ್ಟು ಚೆನ್ನಾಗಿ ಮೇಂಟೇನ್ ಮಾಡಿದ್ದಾರೆ" ಎಂದುಕೊಂಡೆ! ಇಪ್ಪತ್ತು ವರ್ಷದ ಗಾಡಿಯ ಅಡಿ ಹಾಗಿರುವುದಿಲ್ಲ ಸ್ವಾಮಿ. ಅಲ್ಲಿ ಧೂಳು ಇರಬೇಕು, ಒಣಗಿದ ಕೆಸರು ಇರಬೇಕು, ಮೇಲ್ಮೈಯಲ್ಲಿ ಕಂದು ಬಣ್ಣದ ತೆಳು ತುಕ್ಕೂ ಇರಬಹುದು. ಅದರಿಂದ ಏನೂ ತೊಂದರೆಯಿಲ್ಲ. ಮಾರಾಟಕ್ಕೆ ಮುಂಚೆ ರಬ್ಬರಿಗೂ ಸೇರಿಸಿ ಪೇಂಟ್ ಹೊಡೆಸಿದ್ದಾರೆ ಎಂದರೆ ಏನೋ ಮುಚ್ಚಿದ್ದಾರೆ ಎಂದೇ ಹಿಡಿಯಿರಿ. ಮಾರಿದವರಿಗೆ ಒಳಗಿನ ಕತೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಗಾಡಿ ಚಾರ್ಮಾಡಿ ಘಾಟಿಯನ್ನು ಆರಾಮಾಗಿ ಹತ್ತಿತು. ಮುಂದಿನ ಮಳೆಗಾಲದ ತನಕ ಒಂದು ದೂರೂ ಇರಲಿಲ್ಲ. ಆಮೇಲೊಂದು ದಿನ ಹಿಂದೆ ಗೊಬ್ಬರದ ಮೂಟೆ ಹಾಕಿಕೊಂಡು ತೋಟದ ಮೋರಿ ದಾಟುವಾಗ ಫಟ್ ಎಂದಿತು. ಪ್ಲೇಟ್ ಮುರಿದಿರಬೇಕು ಎಂದು ಇಳಿದು ನೋಡಿದೆ. ಪ್ಲೇಟ್ ಸರಿಯಾಗಿತ್ತು. ಎಡಗಡೆಯ ಶ್ಯಾಕಲ್ ಬ್ರಾಕೆಟ್ಟೇ ಚಾಸಿಯಿಂದ ಕಿತ್ತು ಬಂದಿತ್ತು, ವೆಲ್ಡಿಂಗ್ ಜೊತೆ ಅಂಗೈಯಷ್ಟು ತಗಡನ್ನೂ ಕಿತ್ತುಕೊಂಡು. ಆ ತೂತಿನೊಳಗೆ ಕೈ ಹಾಕಿದರೆ ಹಿಡಿ ತುಂಬ ತುಕ್ಕು ಬಂತು.

ಬಾಡಿ ಇಳಿಸಿ, ಕೊಳೆತಿದ್ದನ್ನು ಕತ್ತರಿಸಿ, ದಪ್ಪ ಪ್ಲೇಟ್ ಕೊಟ್ಟು ವೆಲ್ಡಿಂಗ್ ಮಾಡಿಸಿದೆ. ಬಾಡಿ ಇಳಿಸಿದ ಮೇಲೆ ಫ್ಲೋರು ಹೋಗಿರುವುದು ಕಂಡಿತು. ಟಿಂಕರಿಂಗ್, ಪೇಂಟು, ಹೊಸ ಬ್ರೇಕ್ ಪೈಪು. ಗಾಡಿಗೆ ಕೊಟ್ಟ ದುಡ್ಡಿನ ಅರ್ಧದ ಹತ್ತಿರ ಹೋಯಿತು. "ಬೇರೆ ಚಾಸಿ ಹಾಕಿಸಬಹುದಿತ್ತಲ್ಲ" ಎನ್ನುತ್ತಾರೆ. ಚಾಸಿ ನಂಬರೇ ಗಾಡಿಯ ಗುರುತು. ಆರ್‌ಸಿ ನಿಂತಿರುವುದು ಅದರ ಮೇಲೆ. ಗುಜರಿಯಿಂದ ಚಾಸಿ ತಂದು ಜೋಡಿಸಿದರೆ ಕಾನೂನಿನ ಲೆಕ್ಕದಲ್ಲಿ ಅದು ಇನ್ಯಾರದೋ ಗಾಡಿ.

ಅದಕ್ಕೇ ಹೇಳೋದು, ಎಂಜಿನ್ ಹೇಗಿದೆ ಎಂಬ ಪ್ರಶ್ನೆಯನ್ನು ಕೊನೆಗಿಡಿ. ನೀವು ನೋಡುತ್ತಿರುವ ಜಿಪ್ಸಿಯಲ್ಲಿರುವುದು 1.3 ಲೀಟರಿನ ಜಿ13 ಎಂಜಿನ್. ಎಸ್ಟೀಮ್ ಕಾರಿನಲ್ಲೂ ಅದೇ ಇತ್ತು. ಅದನ್ನು ಬಿಚ್ಚಿ ಕಟ್ಟಲು ಬರುವವರು ತಾಲ್ಲೂಕಿಗೆ ಒಬ್ಬರಾದರೂ ಸಿಗುತ್ತಾರೆ. ಹೊಗೆ ಹೊಡೆಯುವ ಎಂಜಿನ್ನು, ಗಟ್ಟಿ ಚಾಸಿ ಇರುವ ಗಾಡಿ ಸಿಕ್ಕರೆ ನಾನಂತೂ ಚೌಕಾಸಿ ಮಾಡಿ ಅದನ್ನೇ ತರುತ್ತೇನೆ. ಉಲ್ಟಾ ಆದರೆ ಬೇಡವೇ ಬೇಡ.

68 ಸಾವಿರ ಎಂಬುದನ್ನು ತಲೆಯಿಂದ ತೆಗೆದುಹಾಕಿ. ಮೀಟರ್ ಕೇಬಲ್ ಕಿತ್ತಿಟ್ಟು ಓಡಿಸಿದರೆ ನಂಬರ್ ನಿಂತಲ್ಲೇ ನಿಲ್ಲುತ್ತದೆ. ದೊಡ್ಡ ಟಯರ್ ಹಾಕಿಸಿದರೂ ಓಡಿದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಮೀಟರ್ ಸತ್ಯವೇ ಹೇಳಲಿ ಬಿಡಿ, ತೋಟದೊಳಗೆ ಲೋ ಗೇರಿನಲ್ಲಿ ಓಡಿದ ಹತ್ತು ಸಾವಿರಕ್ಕೂ ಹೈವೇಯ ಹತ್ತು ಸಾವಿರಕ್ಕೂ ಎಲ್ಲಿಯ ಲೆಕ್ಕ?

ಗಾಡಿ ನೋಡಲು ಹೋಗುವಾಗ ಹಳೇ ಬಟ್ಟೆ ಹಾಕಿಕೊಳ್ಳಿ. ಒಂದು ಗಟ್ಟಿ ಸ್ಕ್ರೂಡ್ರೈವರ್, ಸಣ್ಣ ಸುತ್ತಿಗೆ, ಟಾರ್ಚ್ ಇರಲಿ. ಮಾರುವವರ ಮನೆ ಅಂಗಳದಲ್ಲಿ ನೋಡಬೇಡಿ. ಹತ್ತಿರದ ವಾಟರ್ ಸರ್ವಿಸ್‌ಗೆ ಒಯ್ದು ರ‍್ಯಾಂಪ್ ಹತ್ತಿಸಿ. ಬರೀ ಜಾಕ್ ಮೇಲೆ ನಿಂತ ಗಾಡಿ ಕೆಳಗೆ ಮಾತ್ರ ಯಾವ ಕಾರಣಕ್ಕೂ ತೂರಬೇಡಿ. ಚಾಸಿ ಉದ್ದಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ. ಡಬ್ ಎಂದಲ್ಲಿ ನಿಂತು ಸ್ಕ್ರೂಡ್ರೈವರಿನಿಂದ ಒತ್ತಿ. ಎಂಟೂ ಪ್ಲೇಟ್ ತುದಿಗಳ ಬ್ರಾಕೆಟ್, ಹಿಂದಿನ ಹೌಸಿಂಗ್ ಮೇಲಿನ ಬಾಗು, ಬಾಡಿ ಕೂರುವ ಕಿವಿಗಳು, ಇಷ್ಟನ್ನು ಬಿಡಲೇಬೇಡಿ. "ಪೇಂಟ್ ಹಾಳಾಗುತ್ತೆ" ಎಂದು ಮಾರುವವರು ತಡೆದರೆ ನಮಸ್ಕಾರ ಹೇಳಿ ಮನೆಗೆ ಬನ್ನಿ.

ರ‍್ಯಾಂಪ್ ಮೇಲಿರುವಾಗಲೇ ಹೌಸಿಂಗಿನ ಆಯಿಲ್ ಪ್ಲಗ್ ಸ್ವಲ್ಪ ಸಡಿಲಿಸಿ ನಾಲ್ಕು ಹನಿ ಬೆರಳಿಗೆ ಹಿಡಿಯಿರಿ. ಹಾಲು ಹಾಕಿದ ಕಾಫಿ ಥರ ಇದ್ದರೆ ಹಳ್ಳದ ನೀರು ಒಳಗೆ ಹೋಗಿದೆ ಎಂದರ್ಥ. ಒಳಗಿನ ಕ್ರೌನ್ ಪಿನಿಯನ್ ಗೇರು, ಬೇರಿಂಗ್ ಎಲ್ಲ ಅನುಮಾನವೇ. ಮುಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಇದೆಯಾ ಎಂದೂ ನೋಡಿ. ನಗಬೇಡಿ. ಸದ್ದು ಬರುತ್ತದೆ, ಪೆಟ್ರೋಲ್ ಉಳಿಯುತ್ತದೆ ಎಂದು ಬಿಚ್ಚಿಟ್ಟವರಿದ್ದಾರೆ. ಫೋರ್ ವೀಲ್ ಲಿವರ್ ಮಾತ್ರ ಸಲೀಸಾಗಿ ಬೀಳುತ್ತದೆ!

ಫೋರ್ ವೀಲ್ ನಿಜವಾಗಿ ಕೆಲಸ ಮಾಡುತ್ತದಾ ಎಂದು ಸಮತಟ್ಟಾದ ನೆಲದಲ್ಲೇ ತಿಳಿಯಬಹುದು. ಎಂಜಿನ್ ಆಫ್ ಮಾಡಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. ಫೋರ್ ವೀಲ್ ಲಿವರನ್ನು ಫೋರ್ ಹೈಗೆ (4H) ಹಾಕಿ, ಗಾಡಿಯನ್ನು ಫಸ್ಟ್ ಗೇರಿನಲ್ಲಿಡಿ. ಮುಂದಿನ ಚಕ್ರವನ್ನು ಆಕ್ಸಲ್‌ಗೆ ಸೇರಿಸುವ ಹಬ್ ಲಾಕ್ ಇದ್ದರೆ ಎರಡೂ ಕಡೆ ಲಾಕ್ ಮಾಡಿ. ಮುಂದಿನ ಒಂದು ಚಕ್ರವನ್ನು ಜಾಕ್‌ನಿಂದ ಎತ್ತಿ ಕೈಯಲ್ಲಿ ತಿರುಗಿಸಿ. ಸ್ವಲ್ಪ ಪ್ಲೇ ಬಿಟ್ಟರೆ ತಿರುಗಬಾರದು. ಸುಮ್ನೆ ಗಿರಗಿರ ತಿರುಗಿದರೆ ಹಬ್, ಆಕ್ಸಲ್, ಶಾಫ್ಟ್ ಎಲ್ಲೋ ಒಂದು ಕಡೆ ಕೊಂಡಿ ಕಳಚಿದೆ. ಚಕ್ರ ಹೇಗೂ ಮೇಲಿದೆಯಲ್ಲ, ಮೇಲೊಂದು ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಲಟಲಟ ಎಂದರೆ ವೀಲ್ ಬೇರಿಂಗ್, ಇಲ್ಲವೇ ಚಕ್ರ ಎಡಬಲಕ್ಕೆ ತಿರುಗುವ ಕೀಲಿನ ಕಿಂಗ್‌ಪಿನ್ ಬೇರಿಂಗ್ ಹೋಗಿದೆ. ಹಳೇ ಜಿಪ್ಸಿಗಳು 60–70ರ ವೇಗದಲ್ಲಿ ಸ್ಟೇರಿಂಗ್ ಗಡಗಡ ನಡುಗಿಸುವುದು ಹೆಚ್ಚಾಗಿ ಇಲ್ಲಿಂದಲೇ. "ವೀಲ್ ಬ್ಯಾಲೆನ್ಸ್ ಮಾಡಿಸಿದ್ರೆ ಸರಿಹೋಗುತ್ತೆ" ಎಂದು ಹೇಳುವವರು ಸಿಗುತ್ತಾರೆ, ನಂಬಬೇಡಿ.

ಓಡಿಸಿ ನೋಡುವಾಗ ಒಂದು ಮಣ್ಣಿನ ಇಳಿಜಾರು ಹುಡುಕಿ. ಫೋರ್ ಲೋ (4L), ಫಸ್ಟ್ ಗೇರ್, ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಬ್ರೇಕ್ ಮೇಲೆ ಕಾಲು ಸಿದ್ಧವಿರಲಿ. ಲಿವರ್ ತಾನಾಗಿ ಹಾರಿ ನ್ಯೂಟ್ರಲ್‌ಗೆ ಬಂದರೆ ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಸವೆದಿದೆ. ಇದನ್ನು ಒಣ ಡಾಂಬರ್ ಮೇಲೆ ಮಾಡಬೇಡಿ. ಜಿಪ್ಸಿಗೆ ನಡುವೆ ಡಿಫರೆನ್ಶಿಯಲ್ (ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲ, ತಿರುವಿನಲ್ಲಿ ಹಿಡಿದುಕೊಳ್ಳುತ್ತದೆ. ಒಳ್ಳೇ ಗಾಡಿಯೂ ಹಾಗೆಯೇ ಮಾಡುತ್ತದೆ.

ಕಾಗದಪತ್ರದ ಬಗ್ಗೆ ಜಾಸ್ತಿ ಹೇಳಲ್ಲ. 2004ರ ಗಾಡಿಗೆ 15 ವರ್ಷ ಮುಗಿದಿದ್ದು 2019ಕ್ಕೆ. ಆಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಣ. 2024ರಲ್ಲಿ ಮಾಡಿಸಿದ್ದಾರಾ ಕೇಳಿ. ಮಾಡಿಸಿಲ್ಲ ಎಂದರೆ ಆ ತಲೆನೋವು ನಿಮ್ಮದು. 20 ವರ್ಷ ದಾಟಿದ ಕಾರು, ಜೀಪುಗಳ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10 ಸಾವಿರ ರೂಪಾಯಿಗೆ ಏರಿಸಿದ್ದಾರೆ. ಚಾಸಿ ಮೇಲಿನ ನಂಬರನ್ನು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದು ಆರ್‌ಸಿ ಜೊತೆ ಹೋಲಿಸಿ. ತುಕ್ಕು ತಿಂದು ಅರ್ಧ ಅಳಿಸಿದ್ದರೆ ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಮಾಡಿಸುವಾಗ ಅಲೆದಾಟ. ಮಿಲಿಟರಿ ಹಸಿರು ಬಣ್ಣ ಇದ್ದರೆ ಆಸೆಪಡಬೇಡಿ, ಆ ಬಣ್ಣ ಸೇನೆಗೆ ಮಾತ್ರ. ಹೊಸದಾಗಿ ಬಣ್ಣ ಹೊಡೆಸುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಥಾರಾ, ಜಿಪ್ಸಿಯಾ ಎಂಬುದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಅದು ಕೇಳಬೇಕಾದ ಪ್ರಶ್ನೆಯೂ ಅಲ್ಲ. ಯಾವುದರ ಚಾಸಿ ಗಟ್ಟಿಯೋ ಅದು. ಕರಾವಳಿಯಲ್ಲಿ ಓಡಿದ ಥಾರ್‌ಗಿಂತ ಚಿತ್ರದುರ್ಗದ ಒಣ ಬಿಸಿಲಲ್ಲಿ ಓಡಿದ ಜಿಪ್ಸಿ ವಾಸಿ. ಉಲ್ಟಾ ಇದ್ದರೆ ಥಾರ್ ವಾಸಿ. ಗಾಡಿ ಯಾವ ಊರಲ್ಲಿತ್ತು ಎಂಬುದನ್ನು ಆರ್‌ಸಿಯಲ್ಲಿರುವ ವಿಳಾಸದಷ್ಟಕ್ಕೇ ಬಿಡಬೇಡಿ, ಹಳೇ ಸರ್ವಿಸ್ ಬಿಲ್‌ಗಳು ಎಲ್ಲಿಯವು ಎಂದೂ ನೋಡಿ.

ರ‍್ಯಾಂಪ್ ಹತ್ತಿಸಿದಾಗ ಹಿಂದಿನ ಎರಡೂ ಶ್ಯಾಕಲ್ ಬ್ರಾಕೆಟ್‌ಗಳ ಫೋಟೋ ಟಾರ್ಚ್ ಬೆಳಕಲ್ಲಿ ತೆಗೆದು ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡಿ.