ಇಂಗ್ಲೆಂಡಿನ ಕುಲೀನರ ಮನೆಯಲ್ಲಿ ಅಮೆರಿಕದ ಅತಿಥಿಗಳು ಎಡವುವುದು ಎಲ್ಲಿ?

ಹೆಚ್ಚಾಗಿ ಮಾತಿನಲ್ಲೇ. ‘ಹೌ ಡು ಯು ಡು?’ ಅಲ್ಲಿ ಕುಶಲಪ್ರಶ್ನೆಯಲ್ಲ, ಬರೀ ನಮಸ್ಕಾರ. ಅದನ್ನೇ ತಿರುಗಿ ಹೇಳಿದರೆ ಸಾಕು. ಆರೋಗ್ಯದ ವರದಿ ಕೊಡಬೇಕಿಲ್ಲ.

ನಿಜವಾದ ಅಪಾಯ ‘ಕ್ವೈಟ್ ಗುಡ್’ನದು. ಅಮೆರಿಕದವರಿಗೆ ಅದು ‘ಬಹಳ ಚೆನ್ನಾಗಿದೆ’, ಇಂಗ್ಲಿಷರ ಕಿವಿಗೆ ಸಾಮಾನ್ಯವಾಗಿ ‘ಪರವಾಗಿಲ್ಲ’. ಅಡುಗೆಯನ್ನು ಹಾಗೆ ಹೊಗಳಿದರೆ ಮನೆಯೊಡತಿಯ ಮುಖ ಬಾಡುತ್ತದೆ. ‘ಡಿಲಿಷಿಯಸ್’ ಅನ್ನಿ, ತೊಂದರೆಯಿಲ್ಲ.

‘ಸರ್’ ಬಿರುದು ಅಂಟುವುದು ಸ್ವಂತ ಹೆಸರಿಗೆ: ಸರ್ ವಿನ್‌ಸ್ಟನ್ ಸರಿ, ಸರ್ ಚರ್ಚಿಲ್ ತಪ್ಪು. ಆದರೆ ಅವರ ಹೆಂಡತಿ ಲೇಡಿ ಚರ್ಚಿಲ್! ಇದು ಹೊರಗಿನವರಿಗೆ ಗೊಂದಲವಾಗುವುದು ಸಹಜ.

ಊಟದಲ್ಲಿ ಅಮೆರಿಕದವರು ಮಾಂಸ ಕತ್ತರಿಸಿ, ಚಾಕು ಕೆಳಗಿಟ್ಟು, ಫೋರ್ಕನ್ನು ಬಲಗೈಗೆ ಬದಲಿಸುತ್ತಾರೆ. ಇಂಗ್ಲಿಷರ ಫೋರ್ಕು ಎಡಗೈ ಬಿಡುವುದಿಲ್ಲ, ಹಲ್ಲುಗಳೂ ಕೆಳಮುಖ.

ಹಾಂ, ‘ಪ್ಯಾಂಟ್ಸ್’ ಚೆನ್ನಾಗಿದೆ ಎನ್ನಬೇಡಿ. ಅಲ್ಲಿ ಅದು ಒಳಚಡ್ಡಿ.