ಆರ್-22 ಅನ್ನೋ ಹಳೇ ಗ್ಯಾಸಿನಿಂದ ತಂಪು ಮಾಡೋ ನನ್ನ 2014ರ ಎಸಿ ಚೆನ್ನಾಗೇ ಓಡ್ತಿದೆ. ಗ್ಯಾಸ್ ಬ್ಯಾನ್ ಆಗುತ್ತೆ ಅಂತ ಸರ್ವೀಸಿಗೆ ಬಂದವರು ಹೇಳಿದರು, ಈಗಲೇ ಬದಲಾಯಿಸಬೇಕಾ? ಮುಂದೆ ಬ್ಯಾನ್ ಆಗದ ಗ್ಯಾಸ್ ಯಾವುದು?

ಬೇಡ. ‘ಸರ್ವೀಸಿಗೆ ಬಂದವರು ಹೇಳಿದರು’ ಅಂತ ಬರೆದಿದ್ದೀರಲ್ಲ, ಅದನ್ನು ಓದಿದ ಕೂಡಲೇ ಇದು ನನ್ನದೇ ಕಥೆ ಅನ್ನಿಸಿತು. ನನಗೂ ಹೀಗೇ ಹೇಳಿದ್ದರು. “ಸಾರ್, ಈ ಗ್ಯಾಸ್ ಇನ್ನು ಸಿಗಲ್ಲ, ಈಗ ಎಕ್ಸ್‌ಚೇಂಜ್ ಆಫರ್ ಇದೆ, ಕೊಟ್ಬಿಡಿ.” ರಾಜಾಜಿನಗರದಲ್ಲಿ ಮೇಲಿನ ಮಹಡಿ ಮನೆ, ನೆತ್ತಿ ಮೇಲೆ ಬರೀ ತಾರಸಿ, ಕಿಟಕಿ ಪಶ್ಚಿಮಕ್ಕೆ, ತಿಂಗಳು ಏಪ್ರಿಲ್. ಹೆದರಿಬಿಟ್ಟೆ. ಒಂದು ದೂರೂ ಇಲ್ಲದೆ ಓಡುತ್ತಿದ್ದ ಮೆಷಿನ್ ಕೊಟ್ಟು ಆರ್-32 ಅನ್ನೋ ಬೇರೆ ಗ್ಯಾಸಿನ ಹೊಸ ಇನ್ವರ್ಟರ್ ಎಸಿ ತಂದೆ.

ಹೊಸದು ತಂದಿದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ. ಒಳಗಿನ ಯೂನಿಟ್ಟಿಗೂ ಹೊರಗಿನ ಯೂನಿಟ್ಟಿಗೂ ಮಧ್ಯೆ ಗ್ಯಾಸ್ ಓಡಾಡೋ ಹಳೇ ಕಾಪರ್ ಪೈಪನ್ನೇ ಉಳಿಸಿಕೊಂಡೆ ನೋಡಿ, ಅದು ಕೈ ಸುಟ್ಟಿತು. ಪೈಪು ಗೋಡೆಯೊಳಗೆ ಹೋಗಿತ್ತು, ಗೋಡೆಗೆ ಹೊಸ ಪೇಂಟ್ ಆಗಿತ್ತು. ಫಿಟ್ ಮಾಡೋಕೆ ಬಂದ ಹುಡುಗ “ಪೈಪ್ ಚೆನ್ನಾಗಿದೆ ಸಾರ್, ಸುಮ್ನೆ ಯಾಕೆ ಖರ್ಚು” ಅಂದ. ನನಗೂ ಅದೇ ಬೇಕಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನನಗೆ ಯಾರೂ ಹೇಳಲಿಲ್ಲ. ಆರ್-32 ಓಡೋ ಪ್ರೆಶರ್ ಆರ್-22ಕ್ಕಿಂತ ಹೆಚ್ಚು ಕಡಿಮೆ ಒಂದೂವರೆ ಪಟ್ಟಿಗೂ ಜಾಸ್ತಿ. ಹಳೇ ಗ್ಯಾಸಿನ ಕಾಲಕ್ಕೆ ಹಾಕಿದ ಪೈಪಿನ ದಪ್ಪ, ಅದರ ಬೆಸುಗೆ, ಅದರ ತುದಿ ಎಲ್ಲಾ ಆ ಹಳೇ ಗ್ಯಾಸಿನ ಪ್ರೆಶರಿಗೆ ಲೆಕ್ಕ ಹಾಕಿದ್ದು. ಪೈಪಿನ ತುದಿಯನ್ನು ಹಿಗ್ಗಿಸಿ ನಟ್ ಕೂರಿಸ್ತಾರಲ್ಲ, ಆ ಫ್ಲೇರ್‌ನ ಅಳತೆಯೂ ಎರಡಕ್ಕೂ ಬೇರೆ. ಇನ್ನೊಂದು, ಎಣ್ಣೆ. ಆರ್-22 ಕಂಪ್ರೆಸರ್‌ನಲ್ಲಿ ಇರೋದು ಮಿನರಲ್ ಆಯಿಲ್, ಹೊಸದರಲ್ಲಿ ಸಿಂಥೆಟಿಕ್ ಆಯಿಲ್. ಮಿನರಲ್ ಆಯಿಲ್ ಆರ್-32 ಜೊತೆ ಬೆರೆಯಲ್ಲ, ಪೈಪಿನ ಗೋಡೆಗೆ ಅಂಟಿದ ಜಿಡ್ಡು ಹಾಗೇ ಉಳಿಯುತ್ತೆ. ಸಿಂಥೆಟಿಕ್ ಎಣ್ಣೆಯಂತೂ ತೇವವನ್ನು ಹೀರಿಕೊಂಡು ಕೆಡುತ್ತೆ, ಅದಕ್ಕೇ ವ್ಯಾಕ್ಯೂಮ್ ಪಂಪ್ ಹಾಕಿ ಪೈಪನ್ನು ಪೂರ್ತಿ ಒಣಗಿಸಲೇಬೇಕು. ನಮ್ಮ ಹುಡುಗ ಪಂಪೇ ತಂದಿರಲಿಲ್ಲ. ಸ್ವಲ್ಪ ಗ್ಯಾಸ್ ಬಿಟ್ಟು ‘ಪುಸ್’ ಅನ್ನಿಸಿ ಗಾಳಿ ತೆಗೆದ. ಆರ್-32 ಹತ್ತಿಕೊಳ್ಳೋ ಗುಣ ಇರೋ ಗ್ಯಾಸ್ ಅನ್ನೋದೂ ಅವನ ತಲೆಯಲ್ಲಿ ಇರಲಿಲ್ಲ, ನನ್ನ ತಲೆಯಲ್ಲೂ ಇರಲಿಲ್ಲ.

ಮುಂದಿನ ಬೇಸಿಗೆಗೆ ತಂಪು ನಿಂತಿತು. ಔಟ್‌ಡೋರ್ ಯೂನಿಟ್ಟಿನ ಸಣ್ಣ ಪೈಪಿನ ಮೇಲೆ ಬಿಳಿ ಮಂಜು ಕಟ್ಟುತ್ತಿತ್ತು, ನಟ್ ಸುತ್ತ ಎಣ್ಣೆ ಜಿನುಗಿ ಧೂಳು ಮೆತ್ತಿ ಕಪ್ಪಗಾಗಿತ್ತು. ಸೋಪು ನೀರು ಹಚ್ಚಿದರೆ ಗುಳ್ಳೆ. ಆ ನಟ್ ಸರಿ ಮಾಡಿಸಿದ ಮೇಲೂ ಗ್ಯಾಸ್ ಇಳಿಯಿತು, ಗೋಡೆಯೊಳಗೆ ಇನ್ನೊಂದು ಬೆಸುಗೆ ಬಿಟ್ಟಿತ್ತು. ಕಂಪನಿಯವರು ನೋಡಿ “ಪೈಪ್ ನಮ್ಮದಲ್ಲ” ಅಂತ ಕೈ ತೊಳೆದುಕೊಂಡರು. ಕೊನೆಗೆ ಗೋಡೆ ಒಡೆಸಿ, ಪೈಪ್ ಹಾಕಿಸಿ, ಮತ್ತೆ ಪೇಂಟ್ ಹೊಡೆಸಿ... ಉಳಿಸಿದ್ದರ ಮೂರರಷ್ಟು ಹೋಯ್ತು.

ಈಗ ಆ ‘ಬ್ಯಾನ್’ ವಿಷಯ. ಓಝೋನ್ ಪದರಕ್ಕೆ ಕುತ್ತು ಅಂತ 1987ರ ಮಾಂಟ್ರಿಯಲ್ ಒಪ್ಪಂದದ ಕೆಳಗೆ ಆರ್-22 ಹಂತಹಂತವಾಗಿ ಹೋಗ್ತಿದೆ, ನಿಜ. ಭಾರತದಲ್ಲಿ 2025ರ ಜನವರಿ 1ರಿಂದ ಹೊಸ ಎಸಿ ತಯಾರಿಕೆಗೆ ಅದನ್ನು ಬಳಸೋ ಹಾಗಿಲ್ಲ. ಆದರೆ ಇದು ಫ್ಯಾಕ್ಟರಿಗೆ ಹಾಕಿದ ನಿಯಮ, ನಿಮ್ಮ ಬೆಡ್‌ರೂಮಿಗಲ್ಲ. ನಿಮ್ಮ ಎಸಿ ಓಡಿಸೋದು, ರಿಪೇರಿ ಮಾಡಿಸೋದು ಅಪರಾಧ ಅಲ್ಲ. 2030ರ ನಂತರವೂ ಸರ್ವೀಸಿಗೆ ಅಂತ ಚೂರುಪಾರು ಗ್ಯಾಸಿಗೆ 2040ರವರೆಗೆ ಅವಕಾಶ ಇಟ್ಟಿದ್ದಾರೆ. ರೇಟ್ ಏರುತ್ತೆ, ಅದು ಬೇರೆ ಮಾತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ನಮ್ಮನ್ನು ಹೆದರಿಸಿ ಹೊಸದು ಮಾರ್ತಾರೆ ಅಷ್ಟೇ.

‘ಮುಂದೆ ಬ್ಯಾನ್ ಆಗದ ಗ್ಯಾಸ್ ಯಾವುದು’ ಅಂತಲೂ ಕೇಳಿದ್ದೀರಿ. ಆ ಲೆಕ್ಕಕ್ಕೆ ಹೋಗಲೇಬೇಡಿ. ಆರ್-32 ಓಝೋನಿಗೆ ಏನೂ ಮಾಡಲ್ಲ, ಆದರೆ ಭೂಮಿ ಬಿಸಿ ಮಾಡೋದರಲ್ಲಿ ಕಾರ್ಬನ್ ಡೈಆಕ್ಸೈಡಿನ 675 ಪಟ್ಟು. ಅದಕ್ಕೆ ಅದೇ ಮಾಂಟ್ರಿಯಲ್ ಒಪ್ಪಂದಕ್ಕೆ 2016ರ ಕಿಗಾಲಿ ತಿದ್ದುಪಡಿ ಬಂತು. ಅದರ ಪ್ರಕಾರ ನಮ್ಮ ದೇಶ 2028ರಿಂದ ಈ ಜಾತಿಯ ಗ್ಯಾಸುಗಳ ಬಳಕೆ ಏರದಂತೆ ತಡೆದು, 2032ಕ್ಕೆ ಶೇ 10, 2047ಕ್ಕೆ ಶೇ 85 ಇಳಿಸಬೇಕು. ಅಷ್ಟರಲ್ಲಿ ನಿಮ್ಮ ಎಸಿ ಎರಡು ಸಲ ಗುಜರಿಗೆ ಹೋಗಿರುತ್ತೆ.

ನೋಡಬೇಕಾದ್ದು ಇಷ್ಟೇ: ನಿಮ್ಮದು ಗ್ಯಾಸ್ ಬಿಡ್ತಿದೆಯಾ? ಎಸಿಗೆ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗಲ್ಲ, ಕಡಿಮೆಯಾಯ್ತು ಅಂದರೆ ಸೋರ್ತಿದೆ ಅಂತಲೇ ಅರ್ಥ. ವರ್ಷ ವರ್ಷ ಟಾಪ್‌ಅಪ್ ಮಾಡಿಸಬೇಡಿ, ನೈಟ್ರೋಜನ್ ಹಾಕಿ ಸೋರಿಕೆ ಹುಡುಕಿಸಿ. ಯೂನಿಟ್ಟಿನೊಳಗಿನ ಪೈಪಿನ ಸುರುಳಿಯಲ್ಲೇ, ಅಂದರೆ ಕಾಯಿಲ್‌ನಲ್ಲೇ, ತೂತು ಬಿದ್ದು ಹಾಳಾಗಿದ್ದರೆ ಆಗ ಮೆಷಿನ್ ಬದಲಾಯಿಸಿ, ಅದಕ್ಕೂ ಮುಂಚೆ ಬೇಡ. ‘ಆರ್-22 ಇಲ್ಲ, ಇನ್ನೊಂದು ಗ್ಯಾಸ್ ಹಾಕ್ತೀನಿ’ ಅಂದವರನ್ನಂತೂ ಬಾಗಿಲಲ್ಲೇ ಕಳಿಸಿ. ಉದಾಹರಣೆಗೆ ಆರ್-290. ಅದು ಅಂದರೆ ಪ್ರೊಪೇನ್, ಅಡುಗೆ ಗ್ಯಾಸಿನಲ್ಲಿ ಇರೋದೇ. ಅದಕ್ಕಂತಲೇ ಮಾಡಿದ ಮೆಷಿನ್‌ನಲ್ಲಿ ಅದು ಒಳ್ಳೇ ಗ್ಯಾಸು, ನಿಮ್ಮದರಲ್ಲಿ ಅಪಾಯ.

ಬದಲಾಯಿಸೋ ದಿನ ಬಂದರೆ ಪೈಪ್ ಸಮೇತ ಬದಲಾಯಿಸಿ. ಹಳೇದನ್ನು ಫ್ಲಶ್ ಮಾಡಿ ಬಳಸೋದೂ ಉಂಟು, ಆದರೆ ನೀಟಾಗಿ ಮಾಡೋರು ನನಗಂತೂ ಸಿಗಲಿಲ್ಲ. ನಿಮ್ಮ ಪೈಪ್ ಗೋಡೆಯೊಳಗೆ ಇದೆಯಾ, ಹೊರಗಿದೆಯಾ? ಗೋಡೆಯೊಳಗೆ ಇದ್ದರೆ ಈ ಸಲ ಪೇಂಟ್ ಮಾಡಿಸೋಕೆ ಮುಂಚೆ ಒಮ್ಮೆ ಯೋಚಿಸಿ.